ನಾಲ್ಕು ತೂತಿನ ಗುಂಡಿ

ಶೇವಂತಾಬಾಯಿ ಕುದಳೆಯ ಬಲಪಾದ
ಎರಡು ವರ್ಷದಿಂದ ಮೂಕ.
ಸಕ್ಕರೆ ಕಾಯಿಲೆ ತುದಿಬೆರಳಿಂದ ಶುರುಮಾಡಿ
ಒಂದೊಂದೇ ದೀಪ ಆರಿಸಿಕೊಂಡು
ಹಿಮ್ಮಡಿವರೆಗೆ ಬಂದಿದೆ.
ಪೆಡಲನ್ನು ಎಷ್ಟು ಒತ್ತಿತೆಂದು ಕಾಲಿಗೇ ಗೊತ್ತಿಲ್ಲ.
ಮಷೀನು ಒಮ್ಮೆ ಮೊಂಡೆತ್ತಿನ ಹಾಗೆ ನಿಲ್ಲುತ್ತದೆ,
ಒಮ್ಮೆ ಕಣ್ಣಿ ಬಿಚ್ಚಿದ ಕರುವಿನ ಹಾಗೆ ಓಡುತ್ತದೆ,
ಶಾಲೆಯ ಚೊಣ್ಣದ ಅಂಚು ದಾಟಿ
ಅವಳ ಉಗುರಿನ ಮೇಲೆ.

ಪುಣೆಯ ನಾನಾ ಪೇಟೆ, ಹಿಂದಿನ ಓಣಿ.
ಹದಿನಾಲ್ಕು ಮಷೀನು, ಒಂದು ಕಿಟಕಿ.
ಗುಂದೇಚಾ ಸೇಟು ಮೊದಲೇ ಹೇಳಿದ:
"ಎಲ್ಲಾ ಬಾಡಿಗೆ ಮಾಲು. ಒಂದೇ ಒಂದು ತೂತು ಕೊರೆದರೂ
ಠೇವಣಿ ನಿನ್ನ ತಲೆಗೆ."
ರಾತ್ರಿ ಪಾಳಿಯ ಇಲಾಹಿಗೆ ಪೆಡಲೇ ಬೇಕು.
ಅಂದರೆ ಬೆಳಗ್ಗೆ ಕೂರಿಸಿದ್ದು ಸಂಜೆ ಕಳಚಬೇಕು,
ಕಳಚಿದ್ದು ಮರುದಿನ ಅಲ್ಲೇ ಕೂರಬೇಕು,
ಪಾನಾ ಪಕ್ಕಡ ಇಲ್ಲದೆ,
ನನ್ನನ್ನು ಕರೆಯದೆ.

ಹಾಗಾಗಿ ಅಯಸ್ಕಾಂತ.
ತಾಪಕೀರ್ ಗಲ್ಲಿಯಲ್ಲಿ ಹಳೇ ಸ್ಪೀಕರು ಒಡೆದು ಮಾರುವವನಿಂದ
ಚೌಕಾಸಿ ಮಾಡಿ ನಾಲ್ಕು ತಂದೆ.
ಮೊದಲ ಪೆಟ್ಟಿಗೆ ಮೇಜಿನ ಟಾಚಣಿಗಳನ್ನೆಲ್ಲ ಎಳೆದುಕೊಂಡು
ಮುಳ್ಳುಹಂದಿಯಾಯಿತು.
ಎರಡನೆಯದು ಮೋಟಾರಿನ ನಡುಕಕ್ಕೆ
ಇಷ್ಟಿಷ್ಟೇ ಸರಿದು, ಊಟದ ಹೊತ್ತಿಗೆ
ಮಷೀನಿನ ಬೆನ್ನು ಇಳಿದು ಹೊರಟಿತ್ತು.
ಮೂರನೆಯದಕ್ಕೆ ತಳದಲ್ಲಿ ಸೈಕಲ್ ಟ್ಯೂಬಿನ ತುಂಡು,
ಸುತ್ತ ಒಂದು ಬೆರಳು ದಪ್ಪದ ಗೋಡೆ,
ತಲೆಕೆಳಗು ತುರುಕಿದರೆ ಒಳಗೇ ಹೋಗದಂತೆ
ಒಂದು ಮೂಲೆ ಕತ್ತರಿಸಿದ ಪ್ಲಗ್ಗು.
ಪೆಡಲಿನ ವೈರು ಕೀಳು, ಇದರ ವೈರು ಚುಚ್ಚು. ಅಷ್ಟೆ.

ಓಡು, ಹಿಂದೆ ಬಾ, ಸೂಜಿ ಎತ್ತು:
ಮೂರು ಗುಂಡಿಗೆ ಬಾಣದ ಗುರುತು ಬರೆದೆ.
ಎಣ್ಣೆಗೈಗೆ ವಾರದಲ್ಲಿ ಅಳಿಸಿಹೋಯಿತು.
ಹಸಿರು, ಕೆಂಪು, ಹಳದಿ ತಂದೆ.
ಅವಳು ತಲೆ ಎತ್ತಲಿಲ್ಲ.
"ಹೊಲಿಯುವಾಗ ಕಣ್ಣು ಸೂಜಿಯ ಒಡವೆ, ಭಾವೂ.
ನಿಮ್ಮ ಬಣ್ಣಕ್ಕೆ ಕಡ ಕೊಡಲಾರೆ."

ಆಮೇಲೆ ಬಿಸ್ಕತ್ತಿನ ಡಬ್ಬಿ ತೆಗೆದು ಮಡಿಲಿಗೆ ಸುರಿದುಕೊಂಡಳು:
ಉಳಿದ, ಉದುರಿದ, ಜೋಡಿ ತಪ್ಪಿದ ಗುಂಡಿಗಳು.
ಕೋಟಿನದು, ಅಗಲ, ನಾಲ್ಕು ತೂತು: ಓಡು.
ಅಂಗಿಯದು, ಸಣ್ಣ, ಎರಡು ತೂತು: ಹಿಂದೆ ಬಾ.
ಯಾವುದೋ ಮದುವಣಗಿತ್ತಿಯ ಕುಪ್ಪಸದ ಉಬ್ಬುಮುತ್ತು: ಸೂಜಿ ಎತ್ತು.
ಕಣ್ಣು ಮುಚ್ಚಿ ಹೆಬ್ಬೆರಳಿಂದ ಸವರಿ ನೋಡಿದಳು,
ಮೂರು ಮೊಮ್ಮಕ್ಕಳ ತಲೆ ಸವರಿದ ಹಾಗೆ.

ಅವಳ ಮಾತಿನಲ್ಲಿ ಎರಡಕ್ಕೂ ಬಟಣ.
ನನ್ನ ಮಾತಿನಲ್ಲಿ ಎರಡಕ್ಕೂ ಗುಂಡಿ,
ಮೇಲಾಗಿ, ಬೀಳುವುದಕ್ಕೂ ಅದೇ.
ಎರಡೂ ಭಾಷೆಯಲ್ಲಿ ಇಪ್ಪತ್ತು ವರ್ಷ ರಿಪೇರಿ ಮಾಡಿದವನು
ಆ ಸಂಜೆ ಬಿದ್ದೆ, ನೆಟ್ಟಗೆ,
ನಾಲ್ಕು ತೂತಿನ ಗುಂಡಿಯಲ್ಲಿ.

ಅಂಟು ಒಣಗಲು ಒಂದು ರಾತ್ರಿ.
ಬೆಳಗ್ಗೆ ಅವಳೇ ಕೂರಿಸಿದಳು, ಹನ್ನೊಂದು ಸೆಕೆಂಡು.
ನಾನು ಕೋನ ಅಳೆದು ಗುರುತು ಹಾಕಿದ್ದು ಬಲಕ್ಕೆ;
ಅವಳು ಎಡಕ್ಕೆ, ಬಟ್ಟೆಯ ಮಡಿಕೆ ಹಿಡಿಯುವ ಕೈಯ
ಕಿರುಬೆರಳು ಸುಮ್ಮನೆ ಕೂತಿರುವ ಜಾಗಕ್ಕೆ.
"ಈ ಬೆರಳಿಗೆ ಇಷ್ಟು ವರ್ಷ ಕೆಲಸವೇ ಇರಲಿಲ್ಲ" ಅಂದಳು.

ಮಷೀನು ನಡೆಯಿತು. ಓಡಲಿಲ್ಲ, ನಡೆಯಿತು,
ಜೇಬಿನ ಮೂಲೆಗೆ ಬಂದು ನಿಂತಿತು,
ಅವಳು ತಿರುಗಿಸಿದ ಮೇಲೆ ತಿರುಗಿತು.

ಸಂಜೆ ಕಳಚಿ ಡ್ರಾಯರಿನಲ್ಲಿ ಇಡುತ್ತಾಳೆ.
ಬೆಳಗ್ಗೆ ತೆಗೆದರೆ ಪೆಟ್ಟಿಗೆ ಬೆಚ್ಚಗಿರುತ್ತದಂತೆ.
ಇಲಾಹಿ ಒಪ್ಪಿಕೊಂಡ: ಎರಡು ಗಂಟೆ ಹೊಡೆದ ಮೇಲೆ
ಸ್ಟೂಲಿನ ಮೇಲೆ ಚಕ್ಕಳಬಕ್ಕಳ ಹಾಕಿ ಕೂತು
ದರ್ಗಾದ ಪೀರನ ಹಾಗೆ ಹೊಲಿಯುತ್ತಾನಂತೆ.

ದುಡ್ಡು ಎಷ್ಟೆಂದು ಕೇಳಿದಳು. ಹೇಳಿದೆ.
ಅರ್ಧ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು,
"ಕಾಲಿಗೂ ಒಂದು ಮಾಡ್ತೀರಾ?
ಬರುವಾಗ ದಾರೀಲಿ ಚಪ್ಪಲಿ ಕಳಚಿಹೋಗಿತ್ತು.
ಪವರ್ ಹೌಸಿನಿಂದ ಇಲ್ಲಿವರೆಗೆ
ಬರಿಗಾಲು ಅಂತ ನನಗೆ ತಿಳೀಲೇ ಇಲ್ಲ."

ನಗುತ್ತಲೇ ಕೇಳಿದಳು.
ನಾನು ನೆಲಕ್ಕೆ ಕೂತು
ಪಾದದ ಅಳತೆ ತೆಗೆದುಕೊಂಡೆ.