ಅಡಿಯ ಮುಖ

ಬಾಯಾರು ಪದವಿನ ಶಾಲೆ. ಏಳನೆಯ ಕ್ಲಾಸಿಗೆ
ಇವತ್ತು ಉದ್ದ ಅಗಲದ ಜೊತೆ ಎತ್ತರ ಕೂಡುವ ದಿನ.
ಕರಿಹಲಗೆಯಲ್ಲಿ ಒಂದು ಆಯತ ಬರೆದೆ,
ತುಸು ಓರೆಗೆ ಇನ್ನೊಂದು,
ಮೂಲೆಗೆ ಮೂಲೆ ಸೇರಿಸಿದೆ. ಕಾಣದ ಮೂರು ಅಂಚಿಗೆ
ಚುಕ್ಕಿಗೆರೆ.
ಇದು ಆಯತಘನ, ಅಂದೆ. ಹಲಗೆ ಮೊದಲಿನಷ್ಟೇ ಚಪ್ಪಟೆ.

ಮನೆಯಲ್ಲಿ ಸಿಕ್ಕಿದ್ದು ತನ್ನಿ ಎಂದಿದ್ದೆ.
ಸೋಪಿನ ಪೆಟ್ಟಿಗೆ, ಬ್ಯಾಟರಿ, ಗೋಲಿ,
ಮೊಳೆ ಬಿದ್ದುಹೋದ ಬುಗುರಿ.
ಅಶ್ಫಾಕ್ ತಂದದ್ದು ಅಜ್ಜನ ತಳಂಗರೆ ಟೊಪ್ಪಿ,
ಕೈ ತೊಳೆದು ಮುಟ್ಟಬೇಕೆಂಬ ಷರತ್ತಿನೊಂದಿಗೆ.
ತಲೆಗಿಟ್ಟರೆ ಸಿಲಿಂಡರ್,
ಮಡಚಿ ಕಿಸೆಗಿಟ್ಟರೆ ಬರೀ ಬಟ್ಟೆ.
ಎತ್ತರ ಎಲ್ಲಿಗೆ ಹೋಯಿತು ಟೀಚರೆ?
ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಮುಖ ಎಣಿಸಿದೆವು. ಆರು! ಎಂದು ಕ್ಲಾಸಿಗೆ ಕ್ಲಾಸೇ ಕೂಗಿತು,
ಹಿಂದಿನ ಬೆಂಚಿನ ಧನ್ಯಶ್ರೀ ಒಬ್ಬಳನ್ನು ಬಿಟ್ಟು.
ಕೋರೆಯ ಐತ್ತಪ್ಪರ ಮಗಳು. ಚೀಲದ ಹೊಲಿಗೆಯಲ್ಲೂ ಕೆಂಪು ಧೂಳು.

"ಮುರಕಲ್ಲಿಗೆ ಮೊದಲು ಒಂದೇ ಮುಖ ಟೀಚರೆ.
ನಾವು ಅದರ ಮೇಲೆಯೇ ನಡೆಯುವುದು, ಗೊತ್ತಾಗುವುದಿಲ್ಲ.
ಮೆಷಿನು ಉದ್ದಕ್ಕೆ ಹೋದರೆ ಎರಡು ಬರ್ತದೆ,
ಅಡ್ಡಕ್ಕೆ ಹೋದರೆ ಮತ್ತೆರಡು.
ಅಡಿಯದ್ದು ಬರಲಿಕ್ಕೆ ಅಪ್ಪ ಹಾರೆ ಹಾಕಿ ಮೀಟಬೇಕು.
ಅದು ಸ್ವಲ್ಪ ಒದ್ದೆ ಇರ್ತದೆ.
ಬಿಸಿಲು ನೋಡಿರುವುದಿಲ್ಲ ಅಲ್ವಾ."

ಹನ್ನೊಂದು ವರ್ಷ ಈ ಪಾಠ ಮಾಡಿದ್ದೇನೆ,
ಆರೂ ಮುಖ ಒಟ್ಟಿಗೇ ಹುಟ್ಟುತ್ತವೆ ಎಂದುಕೊಂಡು.

ಶನಿವಾರ ಸಾಲು ಹಿಡಿಸಿ ಕೋರೆಗೆ ಕರೆದೊಯ್ದೆ.
ಐತ್ತಪ್ಪ ಮೆಷಿನು ನಿಲ್ಲಿಸಿ, ತಲೆಗೆ ಕಟ್ಟಿದ ಬೈರಾಸು ಬಿಚ್ಚಿ,
ಒಂದು ಕಲ್ಲು ಮೀಟಿ ಮಗುಚಿ ತೋರಿಸಿದರು.
ಹೌದು, ಒದ್ದೆ.
ಒಬ್ಬೊಬ್ಬರಾಗಿ ಅಂಗೈ ಇಟ್ಟು ನೋಡಿದರು. ನಾನೂ ಇಟ್ಟೆ.
ಕಲ್ಲು ಎದ್ದ ಜಾಗದಲ್ಲಿ ಅದೇ ಅಳತೆಯ
ಇನ್ನೊಂದು, ಗಾಳಿಯದ್ದು.
ಇದಕ್ಕೆ ಎಷ್ಟು, ಕೇಳಿದೆ.
ಅಶ್ಫಾಕ್ ಬಗ್ಗಿ ಬೆರಳು ಮಡಚಿದ. ಐದು, ಅಂದ.
ಆಮೇಲೆ ತಲೆಯೆತ್ತಿ ನೋಡಿದ,
ಆಕಾಶವೂ ಲೆಕ್ಕಕ್ಕೆ ಬರುತ್ತದೋ ಏನೋ ಎಂದು.

ಪರೀಕ್ಷೆಯ ಮೂರನೆಯ ಪ್ರಶ್ನೆ, ಒಂದು ಅಂಕ:
ಆಯತಘನಕ್ಕೆ ಎಷ್ಟು ಮುಖಗಳು?
ಧನ್ಯಶ್ರೀ ಬರೆದಿದ್ದಳು, ಪೆನ್ನು ಒತ್ತಿ ಒತ್ತಿ:
ಎಬ್ಬಿಸಿದ ಮೇಲೆ ಆರು.

ಅಂಕ ಹಾಕುವ ಮೊದಲು ಹಾಳೆ ಮಗುಚಿ ಬೆರಳಾಡಿಸಿದೆ.
ಅಡಿಯಲ್ಲಿ ಅಕ್ಷರಗಳು ಎದ್ದಿದ್ದವು.