ಪರಿಶೀಲನೆಯಲ್ಲಿದೆ

ಇಪ್ಪತ್ತೆರಡು ವರ್ಷ ಎಪಿಎಂಸಿ ಯಾರ್ಡಿನ ಧೂಳಲ್ಲಿ ನಿಂತು
ರಾಶಿ, ಬೆಟ್ಟೆ, ಗೊರಬಲು, ಸರಕು
ಅಂದಂದಿನ ದರ ಬರೆದವನು ನಾನು.
ಒಂದು ಸೊನ್ನೆ ತಪ್ಪಿದ ದಿನ
ಮಂಡಿಯ ಹಾಲೇಶಪ್ಪ ಆಫೀಸಿಗೇ ಬಂದು ಬೈದಿದ್ದ.
ನನಗೆ ಸಿಕ್ಕ ಪ್ರಶಸ್ತಿ ಅದೊಂದೇ.

ಈಗ ದುರ್ಗಿಗುಡಿಯಲ್ಲಿ ಎರಡನೇ ಮಹಡಿ,
ಗಾಜಿನ ಬಾಗಿಲ ಮೇಲೆ ‘ಮಾಧ್ಯಮ ಸಲಹೆಗಾರ’.
ಸೊಸೈಟಿ ಅಧ್ಯಕ್ಷರಿಗೆ ಹೇಳಿಕೊಡುತ್ತೇನೆ:
ನಷ್ಟ ಅನ್ನಬೇಡಿ, ಮರುಹೊಂದಾಣಿಕೆ ಅನ್ನಿ.
ತಡವರಿಸಿದರೆ ನೀರು ಕುಡಿಯಿರಿ.
ಕೈ ಮೇಜಿನ ಮೇಲೇ ಇರಲಿ.

ನಿನ್ನೆ ಫೋನು. ಹೊಸ ವರದಿಗಾರ್ತಿ,
ರಿಪ್ಪನ್‌ಪೇಟೆಯ ಶಮೀನಾ.
“ಸರ್, ಠೇವಣಿ ಎಷ್ಟು? ವಾಪಸು ಕೊಟ್ಟಿದ್ದೆಷ್ಟು?”
ನನ್ನದೇ ಪ್ರಶ್ನೆ, ಅದೇ ಕ್ರಮ.
“ಪರಿಶೀಲನೆಯಲ್ಲಿದೆ” ಅಂದೆ.
ಅವಳು ಮಾತಾಡಲಿಲ್ಲ, ಕಾದಳು.
ಕಾಯುವುದನ್ನೂ ಕಲಿತುಬಿಟ್ಟಿದ್ದಾಳೆ ಹುಡುಗಿ.

ನೀರು ಕುಡಿದೆ.
ಕೈ ಮೇಜಿನ ಮೇಲಿರಲಿಲ್ಲ.