ಬಾಯಿ ಕಾಣದ ಚಮಚ

ಟೈನ್‌ಮತ್ ಸ್ಟೇಷನ್ನಿನ ಗಾಜಿನ ಸೂರಿನಡಿ
ಶನಿವಾರ ಪ್ರಯಾಣಿಕರಿಗಿಂತ ಮೇಜುಗಳೇ ಹೆಚ್ಚು.
ಕಡಲಗಾಳಿಗೆ ಹಾರದಂತೆ ಬಟ್ಟೆಯ ಮೂಲೆಮೂಲೆಗೂ
ಹಳೆಯ ತಕ್ಕಡಿಯ ತೂಕದ ಕಲ್ಲು ಇಟ್ಟು
ಡಾರ್ಕಸ್ ಹಾರ್ಬಾಟಲ್ ಬೆಳ್ಳಿ ಹರಡುತ್ತಾಳೆ:
ಮೀನು ಬಡಿಸುವ ತೂತುತೂತಿನ ಪಟ್ಟಿ,
ಮೂಳೆಯ ಮಜ್ಜೆ ಕೆದಕುವ ಸಪೂರ ದೋಣಿ,
ಸಕ್ಕರೆಯ ಚಿಮಟ, ಚಿಮಟಕ್ಕೆ ಹಕ್ಕಿಯ ಕಾಲು,
ಏನಕ್ಕೆಂದು ಅವಳಿಗೂ ತಿಳಿಯದ ಇನ್ನೊಂದು.

ನನ್ನ ಕೈ ವಾಲ್ಸೆಂಡಿನ ಹಡಗುಕಟ್ಟೆಯದು,
ಮೂವತ್ತೊಂದು ವರ್ಷ ಉಕ್ಕಿಗೆ ಉಕ್ಕು ಬೆಸೆದದ್ದು.
ಕಟ್ಟೆ ಮುಚ್ಚಿದ ಮೇಲೆ ಬೆರಳಿಗೆ ಕೆಲಸವಿಲ್ಲದೆ
ಇಲ್ಲಿಗೆ ಬಂದೆ. ಮೊದಲ ವರ್ಷ ಕೊಂಡದ್ದೆಲ್ಲ
ಹಿತ್ತಾಳೆಗೆ ಕುಡಿಸಿದ ಬೆಳ್ಳಿನೀರು.
ಬೆಳ್ಳಗಿರುವುದೆಲ್ಲ ಹಾಲಲ್ಲ, ಗೊತ್ತಿತ್ತು;
ಆದರೂ ಕುಡಿದೆ.

"ಕಣ್ಣಿನ ಸರದಿ ಕೊನೆಗೆ," ಎಂದಳು ಡಾರ್ಕಸ್.
"ಮೊದಲು ಅಂಗೈಯಲ್ಲಿ ತೂಗು. ಆಮೇಲೆ ಮೂಸು.
ಉಗುರಿಂದ ತಟ್ಟಿ ಕಿವಿಗಿಡು,
ಸುಳ್ಳು ಬೇಗ ಸುಮ್ಮನಾಗುತ್ತದೆ.
ಸಿಂಹ ನಡೆಯುತ್ತಿರಬೇಕು, ಮುಂಗಾಲೊಂದು ಎತ್ತಿರಬೇಕು;
ನಾಯಿಯಂತೆ ಕಂಡರೆ ಮುಂದಿನ ಮೇಜಿಗೆ ಹೋಗು.
ಮೂರು ಕೋಟೆ ಅಂದರೆ ನಮ್ಮ ನ್ಯೂಕಾಸಲ್.
ರಾಜನ ತಲೆ ಅಂದರೆ ತೆರಿಗೆ ಕಟ್ಟಿಯಾಗಿದೆ.
ತಲೆಯಿಲ್ಲವೋ, ಇನ್ನೂ ಹಳೆಯದು,
ಅಥವಾ ರಾಜನಿಗೇ ಟೋಪಿ."

ವರ್ಷದ ಅಕ್ಷರಕ್ಕಾಗಿ ಒಮ್ಮೆ ಇಡೀ ಮಧ್ಯಾಹ್ನ ಜಗಳವಾಡಿದ್ದೇವೆ,
ಅದು ಬಾಲವಿರುವ ಕ್ಯೂ, ಇಲ್ಲ ಗೀರು ಬಿದ್ದ ಓ.
ಎರಡು ವರ್ಷದ ಅಂತರ.
ಅಷ್ಟರಲ್ಲಿ ಕಲ್ಲರ್‌ಕೋಟ್ಸಿನ ಕೊನೆಯ ರೈಲೂ ಹೋಯಿತು.

ಮಾರ್ಚಿನ ಒಂದು ಬೆಳಿಗ್ಗೆ ಪೇಪರು ಬಿಚ್ಚಿ
ಒಂದು ಚಮಚ ಕೊಟ್ಟಳು, ಗೇಣಿಗಿಂತ ನಾಲ್ಕು ಬೆರಳು ಉದ್ದ.
ಬಾತುಕೋಳಿಯ ಹೊಟ್ಟೆಗೆ ತುಂಬಿದ್ದನ್ನು ತೋಡಿ
ತಟ್ಟೆತಟ್ಟೆಗೆ ಹಾಕಲೆಂದೇ ಮಾಡಿದ್ದು.
ಯಾರ ಬಾಯನ್ನೂ ಕಂಡಿರಲಾರದು.
ಇದರ ಕೈಯಲ್ಲಿ ಎಷ್ಟು ಪಂಕ್ತಿ ಉಂಡೆದ್ದಿತೋ,
ಸೌಟಿಗೆ ಸಾರಿನ ರುಚಿ ಗೊತ್ತೇ?

ಹಿಡಿಯ ಮೇಲೆ ಹಾ ಎಂದು ಉಸಿರು ಬಿಟ್ಟಳು.
ಮಂಜು ಕೂತಲ್ಲಿ ಉಜ್ಜಿ ಅಳಿಸಿದ ಎರಡಕ್ಷರ
ತಳದಿಂದ ಮೀನಿನಂತೆ ಮೇಲೆ ಬಂದವು.
ಯಾರದೋ ಮನೆತನ. ಅಡವಿಗೆ ಬಿದ್ದದ್ದೋ,
ಅಣ್ಣತಮ್ಮಂದಿರ ಪಾಲಿನಲ್ಲಿ ಹೋದದ್ದೋ.
ಓದುವಷ್ಟರಲ್ಲಿ ಮುಳುಗಿದವು.

ನನಗೆ ಕಂಡದ್ದು ಬೇರೆ: ಹಿಡಿ ಬಟ್ಟಲಿಗೆ ಸೇರುವಲ್ಲಿ
ಕೂದಲೆಳೆಯ ಗೆರೆ. ಮುರಿದಿತ್ತು, ಬೆಸೆದಿದ್ದಾರೆ.
ಒಳ್ಳೆಯ ಕೈ. ಅವಸರವಿಲ್ಲದ ಕೈ.
ಆಮೇಲೆ ತುಟಿ ಸವರಿದೆ, ಚಮಚದ ತುಟಿ.
ಪಾತ್ರೆಯ ತಳ ಕೆರೆದೂ ಕೆರೆದೂ
ಎಲ್ಲ ಚಮಚಗಳೂ ಎಡಕ್ಕೆ ಸವೆಯುತ್ತವೆ.
ಇದು ಬಲಕ್ಕೆ ಸವೆದಿದೆ.

ಎಡಚಿ, ಎಂದೆ.
ಡಾರ್ಕಸ್ ಕನ್ನಡಕ ಏರಿಸಿ ನೋಡಿದಳು. "ಹೌದಲ್ಲ."
ಒಂದಿಡೀ ಅಡುಗೆಮನೆ ಅವಳನ್ನು ಬೈದಿರಬೇಕು,
ಆ ಕೈ ಬೇಡ, ಈ ಕೈ ಹಿಡಿ ಎಂದು.
ಯಾರೂ ಇಲ್ಲದಾಗ ಅವಳು ಅದೇ ಕೈಯಲ್ಲಿ ಕೆರೆದಳು,
ನಲವತ್ತು ವರ್ಷ ಇರಬಹುದು,
ಬೆಳ್ಳಿಯೇ ಸೋಲುವಷ್ಟು.

ಮಾಡಿದವನ ಹೆಸರಿಗೆ ಬೆಲೆ ಇದೆ,
ಊರಿನ ಕೋಟೆಗೆ, ರಾಜನ ತಲೆಗೆ ಇದೆ.
"ಸವೆದದ್ದಕ್ಕೆ ಹನ್ನೆರಡು ಪೌಂಡು ಬಿಟ್ಟಿದ್ದೇನೆ," ಎಂದಳು ಡಾರ್ಕಸ್,
ಬಾಯಿಗೆ ಬಂದದ್ದನ್ನು ನುಂಗಿ ನಾನು ಆ ರಿಯಾಯಿತಿ ತೆಗೆದುಕೊಂಡೆ.
ಮನೆಗೆ ಬರುವವರೆಗೂ ನಾಚಿಕೆಯಾಗುತ್ತಿತ್ತು.

ಭಾನುವಾರ ಬಟಾಣಿಯ ಪುಡ್ಡಿಂಗಿಗೆ ಅದನ್ನೇ ಇಟ್ಟೆ.
ಎಡಗೈಯಲ್ಲಿ ಬಡಿಸುತ್ತೇನೆಂದು ಎದ್ದೆ.
ಮೊದಲ ತಟ್ಟೆ ತಲುಪುವ ಮೊದಲೇ
ಅರ್ಧ ಮೇಜುಬಟ್ಟೆಯ ಮೇಲೆ.
ಈನಿಡ್ ಏನೂ ಅನ್ನಲಿಲ್ಲ, ಚಮಚ ಕಿತ್ತುಕೊಂಡು
ತಾನೇ ಬಡಿಸಿದಳು, ಬಲಗೈಯಲ್ಲಿ,
ಬಟ್ಟಲಿನ ತಳ ಕರಕರ ಕೆರೆದು.

ಇನ್ನು ಆ ಕಡೆಯೂ ಸವೆಯುತ್ತದೆ.
ಹಳದಿ ಕಲೆ ಮಾತ್ರ
ಎರಡು ಸಲ ಒಗೆದರೂ ಹೋಗಿಲ್ಲ.